ಅಲುಗದ ಬಕೆಟ್

ನುಗ್ಗೆಗಿಡದ ಬಕೆಟ್ ಅಲುಗಲಿಲ್ಲ.

ಎರೆನಾ ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೊಮ್ಮೆ ಎಳೆದಳು. ಬಕೆಟ್ ಒಂದಿಷ್ಟು ವಾಲಿತು, ಯಾರೋ ಕೆಳಗಿನಿಂದ ಹಿಡಿದುಕೊಂಡ ಹಾಗೆ ವಾಪಸು ಬಂದು ಕೂತಿತು. ಅವಳು ಎದ್ದು ಸೊಂಟಕ್ಕೆ ಕೈಕೊಟ್ಟು ನಿಂತಳು. ಏಳು ತಿಂಗಳ ಬಸುರಿ. ಬಗ್ಗಿದರೆ ಉಸಿರು ಸಿಗುತ್ತಿರಲಿಲ್ಲ.

ಉಳಿದದ್ದೆಲ್ಲ ಅಲುಗಿತ್ತು. ಬಿಸ್ಕತ್ತಿನ ತಗಡಿನ ಡಬ್ಬಗಳಲ್ಲಿದ್ದ ಈರುಳ್ಳಿ ಸೊಪ್ಪು, ಅಕ್ಕಿಚೀಲದೊಳಗಿನ ಮೆಣಸಿನ ಗಿಡ, ಬಟ್ಟೆ ಒಗೆಯುವ ಮಷೀನಿನಿಂದ ಕಿತ್ತ ಡ್ರಮ್ಮಿನಲ್ಲಿ ಬೆಳೆದ ಮಜ್ಜಿಗೆಹುಲ್ಲು, ಬಾಗಿಲು ತೆಗೆದು ಅಂಗಾತ ಮಲಗಿಸಿದ ಕೆಟ್ಟ ಫ್ರಿಜ್ಜಿನೊಳಗಿನ ಚೀನಿ ಕೋಸು, ಹಳೆ ಡಬ್ಬದಿಂದ ಹರಿದ ಕುಂಬಳ ಬಳ್ಳಿ. ಎಲ್ಲವನ್ನೂ ಬೆಳಿಗ್ಗೆ ಒಂದೊಂದಾಗಿ ಕಾಲಿನಿಂದ ತಳ್ಳಿ ನೋಡಿದ್ದಳು. ಫ್ರಿಜ್ಜು ಕೂಡ ಒಂದಿಷ್ಟು ಅಲುಗಿತ್ತು, ಉಳಿದವು ಮರಳಿನ ಮೇಲೆ ಕರಕರ ಎಂದು ಸರಿದಿದ್ದವು. ಇದೊಂದನ್ನು ಕೊನೆಗೆ ಇಟ್ಟುಕೊಂಡಿದ್ದಳು. ಆಚೆ ತುದಿಯಲ್ಲಿದೆ ಎಂಬ ಕಾರಣಕ್ಕೆ.

ಮತ್ತೆ ಕುಕ್ಕರಗಾಲಲ್ಲಿ ಕೂತು ಬಕೆಟ್ಟಿನ ಬುಡದ ಮರಳನ್ನು ಬೆರಳಿನಿಂದ ಕೆದಕಿದಳು. ಹವಳದ ಚೂರುಗಳು ಉಗುರಿಗೆ ಚುಚ್ಚಿದವು. ಅಂಗೈ ಒಳಹೋದಾಗ ಬೆರಳಿಗೆ ಸಿಕ್ಕಿತು: ಹೆಬ್ಬೆರಳಿಗಿಂತ ದಪ್ಪಗೆ, ತಣ್ಣಗೆ, ಒದ್ದೆಯಾಗಿ. ನೀರು ಬಸಿಯಲೆಂದು ಕಾದ ಸರಳಿನಿಂದ ಬಕೆಟ್ಟಿನ ತಳಕ್ಕೆ ಅವಳೇ ಮಾಡಿದ್ದ ತೂತಿನಿಂದ ಬೇರು ಹೊರಬಿದ್ದು, ತೂತನ್ನೇ ಸೀಳಿ, ನೇರ ನೆಲಕ್ಕೆ ಇಳಿದಿತ್ತು.

ಸಂಜೆ ಬಿಸಿಲು ಇಳಿದ ಮೇಲೆ ಜಾಗದ ಒಡೆಯ ಉರಿಯಾಮ್ ಬರುವವನಿದ್ದ. ಜೊತೆಗೆ ಚಾವಡಿಯ ಹಿರಿಯರಿಬ್ಬರು. ಅವರು ನೋಡಬೇಕಾದದ್ದು ಒಂದೇ: ಎರೆನಾಳ ಗಿಡಗಳಲ್ಲಿ ಪ್ರತಿಯೊಂದನ್ನೂ ನೆಲದಿಂದ ಎತ್ತಲು ಬರುತ್ತದೆಯೇ ಎಂದು. ಬಂದರೆ ಎರೆನಾ, ಅವಳ ಗಂಡ ಬೌರೊ ಇಬ್ಬರೂ ಅಲ್ಲೇ ಇರಬಹುದು. ಬರದಿದ್ದರೆ ಮುಂದಿನ ಹಡಗಿಗೆ ನೊನೌಸ್ ದ್ವೀಪಕ್ಕೆ ವಾಪಸು ಹೊರಡಬೇಕು.

ನೊನೌಸಿನಲ್ಲಿ ಡಾಕ್ಟರಿಲ್ಲ. ಎರೆನಾಳ ಮೊದಲ ಮಗು ಅಲ್ಲೇ ಹುಟ್ಟಿ ಅಲ್ಲೇ ಹೋಗಿತ್ತು. ನಿಲ್ಲದ ರಕ್ತದಲ್ಲಿ ಅವಳು ಚಾಪೆಯ ಮೇಲೆ ಮಲಗಿ ದೋಣಿ ಬರುವುದನ್ನು ಕಾದಿದ್ದಳು. ಈ ಸಲದ ಹೆರಿಗೆ ಈ ತರಾವಾ ದ್ವೀಪದ ಆಸ್ಪತ್ರೆಯಲ್ಲೇ ಆಗಬೇಕು ಎಂದು ಬೌರೊ ಇಲ್ಲಿನ ಬೇಸೊ ಬಂದರಿನಲ್ಲಿ ಮೂಟೆ ಇಳಿಸುವ ಕೆಲಸಕ್ಕೆ ಸೇರಿದ್ದ. ಇರಲು ಜಾಗ ಮಾತ್ರ ಸ್ವಂತದ್ದಲ್ಲ, ಉರಿಯಾಮನದು.

ಉರಿಯಾಮ್ ಬೌರೊನ ತಾಯಿಗೆ ಚಿಕ್ಕಪ್ಪನ ಮಗ. ಆ ತಾಯಿ ನೊನೌಸಿನಿಂದ ಬಂದು, ಅವನೆದುರು ಚಾಪೆಯ ಮೇಲೆ ಕೂತು, ಮಗ ಸೊಸೆಗೆ ಒಂದು ಮೂಲೆ ಬೇಕೆಂದು ಬುಬುಸಿ ಕೇಳಿದ್ದಳು. ಬುಬುಸಿ ಎಂದರೆ ಅಲ್ಲಿನ ಕಟ್ಟುಪಾಡು: ನೆಂಟರು ಹಾಗೆ ಬಾಯಿಬಿಟ್ಟು ಕೇಳಿದರೆ ಇಲ್ಲವೆನ್ನುವಂತಿಲ್ಲ. ಸೈಕಲ್ ಇರಲಿ, ಬಲೆ ಇರಲಿ, ಮೈಮೇಲಿನ ಅಂಗಿ ಇರಲಿ. ಇಲ್ಲವೆಂದವನನ್ನು ಅವನ ಮೊಮ್ಮಕ್ಕಳ ಕಾಲದವರೆಗೂ ಜನ ಆಡಿಕೊಳ್ಳುತ್ತಾರೆ. ಕೇಳುವುದೂ ಸುಲಭವಲ್ಲ. ಕೇಳಿದವನು ಕೊಟ್ಟವನೆದುರು ಅಷ್ಟು ತಗ್ಗಿದ ಹಾಗೆ. ಹಾಗಾಗಿ ದೊಡ್ಡ ಮನುಷ್ಯರು ಕೊಡುವುದೇ ಹೆಚ್ಚು, ಕೇಳುವುದು ಕಡಿಮೆ.

ಉರಿಯಾಮ್ ಕೊಟ್ಟಿದ್ದ. "ಇರ್ಲಿ, ಕೊಲ್ಲಿ ಕಡೆ ಮೂಲೇಲಿ ಇರ್ಲಿ. ಆದ್ರೆ ನೆಲಕ್ಕೆ ಏನೂ ನೆಡಬಾರ್ದು," ಎಂದಿದ್ದ.

ಅದಕ್ಕೆ ಕಾರಣವಿತ್ತು. ಅವನ ಅಪ್ಪನ ಕಾಲದಲ್ಲಿ ಅಬೆಮಾಮ ದ್ವೀಪದವನೊಬ್ಬ ಹೀಗೇ ಕೇಳಿ ಬಂದು ಕೂತಿದ್ದ. ಒಳ್ಳೆಯವನು. ಸುಮ್ಮನಿರಲಾರದೆ ಕೆಲವು ತೆಂಗಿನ ಸಸಿ ನೆಟ್ಟ. ಅವನ ಮೊಮ್ಮಗ ದೊಡ್ಡವನಾಗಿ ಜಮೀನಿನ ಕೋರ್ಟಿಗೆ ಹೋಗಿ, ಮರ ನೆಟ್ಟವರು ಯಾರು, ಕಾಯಿ ಕೊಯ್ದವರು ಯಾರು ಎಂದು ಕೇಳಿದ. ಮರಗಳೇ ಸಾಕ್ಷಿಯಾದವು. ರಸ್ತೆಯಿಂದ ಕೊಲ್ಲಿಯವರೆಗಿನ ಪಟ್ಟಿ ಕೈಬಿಟ್ಟು ಹೋಯಿತು. ಈಗ ಅಲ್ಲಿ ಆ ಮೊಮ್ಮಗನ ಅಂಗಡಿ, ಅದರ ಸುತ್ತ ಸಿಮೆಂಟಿನ ಗೋಡೆ. ಉರಿಯಾಮ್ ದಿನಾ ಬೆಳಿಗ್ಗೆ ಎದ್ದು ಕಣ್ಣು ಬಿಟ್ಟರೆ ಕಾಣುವುದು ಆ ಗೋಡೆ.

ಎರೆನಾ ಗಿಡ ಬೆಳೆಸಿದವಳೇ ಅಲ್ಲ. ನೊನೌಸಿನಲ್ಲಿ ಮೀನು, ತೆಂಗು, ಹಲಸಿನ ಜಾತಿಯ ಬ್ರೆಡ್‌ಫ್ರೂಟು, ಇಷ್ಟೇ ಅವಳಿಗೆ ಗೊತ್ತಿದ್ದ ಊಟ. ಆಸ್ಪತ್ರೆಯ ನರ್ಸು ಅವಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, "ರಕ್ತವೇ ಇಲ್ವಲ್ಲಮ್ಮ. ಸೊಪ್ಪು ತಿನ್ನು," ಎಂದಳು. ಹಡಗಿನಲ್ಲಿ ಬಂದ ಬಾಡಿದ ಕೋಸು ಬಂದರಿನ ಕೂಲಿಗೆ ಎಟುಕುವಂತಿರಲಿಲ್ಲ. ಹೆಂಗಸರ ಸಂಘದಲ್ಲಿ ಬೀಜ ಹಂಚಿದರು. ಅವಳು ಉರಿಯಾಮನಲ್ಲಿಗೆ ಹೋಗಿ ಕೇಳಿದಳು: "ಮಾವ, ಡಬ್ಬದಲ್ಲಿ ಹಾಕ್ಲಾ?" ಅವನು ಯೋಚಿಸಿ, "ಎತ್ತಿ ಇಡೋ ಹಾಗಿದ್ರೆ ಹಾಕ್ಕೊ," ಎಂದ.

ಮೊದಲ ಬೆಳೆ ಪೂರ್ತಿ ಸತ್ತಿತು. ಕಡಲಪಾಚಿ ಒಳ್ಳೆಯ ಗೊಬ್ಬರ ಎಂದು ಯಾರೋ ಹೇಳಿದ್ದನ್ನು ಕೇಳಿ, ತೊಳೆಯದೆ ಹಾಕಿ, ಉಪ್ಪಿಗೆ ಸಸಿಗಳನ್ನು ಸುಟ್ಟಳು. ಎರಡನೆಯದಕ್ಕೆ ಬಾವಿಯ ನೀರು ಹಾಕಿದಳು. ಉಬ್ಬರ ಜೋರಾದ ವಾರ ಬಾವಿ ಉಪ್ಪಾಗಿರುವುದು ಅವಳಿಗೆ ಹೊಳೆಯಲಿಲ್ಲ. ಆಮೇಲಿನಿಂದ ನೀರನ್ನು ಮೊದಲು ನಾಲಗೆಗೆ ಹಚ್ಚಿ ನೋಡಿ ಗಿಡಕ್ಕೆ ಹಾಕುತ್ತಿದ್ದಳು. ಮೂರನೆಯ ಸಲ ಎಲೆಗಳು ಹಳದಿಯಾದವು. ಹವಳದ ಮಣ್ಣಿನಲ್ಲಿ ಕಬ್ಬಿಣವಿಲ್ಲ, ತುಕ್ಕು ಹಿಡಿದ ಮೀನಿನ ಡಬ್ಬ ಹೂಳು ಎಂದು ಸಂಘದ ಹೆಂಗಸು ಹೇಳಿಕೊಟ್ಟಳು. ಎರೆನಾ ದಂಡೆಯುದ್ದಕ್ಕೂ ಅಲೆದು ತುಕ್ಕು ಡಬ್ಬ ಆರಿಸಿದಳು. ಉರಿಯಾಮನ ಮಗಳು ರುಟಾ ನೋಡಿ ನಕ್ಕಿದ್ದಳು: "ಗಿಡಕ್ಕೂ ನಿನಗೂ ಒಂದೇ ಕಾಯಿಲೆ. ಎರಡು ಡಬ್ಬ ನೀನೂ ತಿನ್ನು."

ಎಲೆಗಳು ಹಸಿರಾದವು. ಗಲ್ಲಿಯವರು ಸೊಪ್ಪು ಕೇಳತೊಡಗಿದರು, ಅವಳು ಕೊಟ್ಟಳು. ದಾರಿ ಹೇಳುವಾಗ "ಎರೆನಾಳ ತೋಟದ ಪಕ್ಕ" ಎನ್ನತೊಡಗಿದರು. ಕಳೆದ ಭಾನುವಾರ ಚರ್ಚಿನ ಬಾಗಿಲಲ್ಲಿ ಯಾರೋ ಹಾಗೆಂದದ್ದು ಉರಿಯಾಮನ ಕಿವಿಗೆ ಬಿತ್ತು. ಅವನು ಊಟ ಮಾಡದೆ ಮಲಗಿದ. ಮರುದಿನ ಚಾವಡಿಗೆ ಹೋಗಿ ಹಿರಿಯರಿಗೆ ಹೇಳಿದ.

"ಏನೇ, ನೆಲದ ಮೇಲೆ ಮಂಡಿಯೂರಿ ಪ್ರಾರ್ಥನೇನಾ?"

ಎರೆನಾ ಬೆಚ್ಚಿ ಕೈ ಹೊರಗೆಳೆದಳು. ರುಟಾ ಬೀಸಣಿಗೆ ಆಡಿಸುತ್ತ ನಿಂತಿದ್ದಳು. ಎರೆನಾ ಕೆದಕಿದ ಮರಳನ್ನು ಕಾಲಿನಿಂದ ಸರಿಸಿ ಮುಚ್ಚಿದಳು.

"ಹುಳ ನೋಡ್ತಿದ್ದೆ ರುಟಕ್ಕ."

"ಹುಳ ಇದ್ರೆ ಸಂಜೆ ಮುದುಕರು ನೋಡ್ತಾರೆ ಬಿಡು. ಅಪ್ಪ ಬೆಳಿಗ್ಗೆಯಿಂದ ಅಂಗಿ ಇಸ್ತ್ರಿ ಮಾಡು ಅಂತ ಕಾಡ್ತಿದಾರೆ. ಮದುವೆಗೆ ಹೋಗೋ ಹಾಗೆ." ಅವಳು ಸುತ್ತ ನೋಡಿದಳು. "ನಿಜ ಹೇಳ್ತೀನಿ, ನಂಗೆ ನಿನ್ಮೇಲೆ ಏನೂ ಸಿಟ್ಟಿಲ್ಲ. ನನ್ನ ದೊಡ್ಡವನು ಹೆಂಡ್ತಿ ಕಟ್ಕೊಂಡು ಬಂದು ನನ್ನ ಚಾಪೆ ಪಕ್ಕದಲ್ಲೇ ಮಲಗ್ತಾನೆ. ರಾತ್ರಿ ನಾನು ಕೆಮ್ಮೋಕೂ ಹೆದರಬೇಕು. ಅವನಿಗೊಂದು ಮನೆ ಎಬ್ಬಿಸೋಣ ಅಂದ್ರೆ ಈ ಮೂಲೆ ಬಿಟ್ರೆ ಜಾಗ ಎಲ್ಲಿದೆ?"

ರುಟಾ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

"ಅಪ್ಪನಿಗೆ ಎರಡು ನುಗ್ಗೆ ಟೊಂಗೆ ಕೊಡು. ತೆಂಗಿನ ಹಾಲಲ್ಲಿ ಬೇಯಿಸಿದ್ರೆ ಮಾತ್ರ ಊಟ ಇಳಿಯುತ್ತೆ ಅವರಿಗೆ."

"ನಾನು ಕಿತ್ಕೊಡ್ತೀನಿ—"

ಅಷ್ಟರಲ್ಲಿ ರುಟಾ ಕೈ ಚಾಚಿ ಒಂದು ಕೊಂಬೆ ಬಗ್ಗಿಸಿದ್ದಳು. ದಪ್ಪ ಹೆಂಗಸು, ಪೂರ್ತಿ ಭಾರ ಹಾಕಿ ಎಳೆದಳು. ಗಿಡ ಬಾಗಿತು, ಕೊಂಬೆ ಚಟ್ಟೆಂದು ಮುರಿಯಿತು. ಬಕೆಟ್ ಮಾತ್ರ ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತಿತ್ತು. ರುಟಾ ಕೈಯಲ್ಲಿದ್ದ ಕೊಂಬೆ ನೋಡಿದಳು, ಬಕೆಟ್ ನೋಡಿದಳು.

"ಭಾರ ಇದೆ ಅಲ್ವಾ?"

"ಈಗ ತಾನೇ ನೀರು ಹಾಕಿದೆ."

ಬಕೆಟ್ಟಿನ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಎರೆನಾಳಿಗೆ ಅದು ಕಂಡಿತು. ರುಟಾಳಿಗೆ ಕಂಡಿತೋ ಇಲ್ಲವೋ ಗೊತ್ತಾಗಲಿಲ್ಲ. ಅವಳು ಇನ್ನೊಂದು ಕೊಂಬೆ ಮುರಿದುಕೊಂಡು, "ಎಷ್ಟು ಹಸಿರಾಗಿದೆ ನೋಡು ಗಿಡ," ಎಂದು ಹೊರಟಳು. ಗೋಡೆಯ ಹತ್ತಿರ ಹೋದವಳು ಒಮ್ಮೆ ನಿಂತು ಹಿಂತಿರುಗಿ ನೋಡಿದಳು.

ಮಧ್ಯಾಹ್ನ ಬಂದರಿನಿಂದ ಬಂದ ಬೌರೊಗೆ ಎರೆನಾ ಊಟ ಹಾಕುವ ಮೊದಲೇ ಹೇಳಿದಳು. ಅವನು ಹೋಗಿ ಬಕೆಟ್ ಅಲ್ಲಾಡಿಸಿ ನೋಡಿ ಬಂದು ಅನ್ನದ ಮುಂದೆ ಕೂತ.

"ಕುಂಬಳ ಬಳ್ಳಿ ದಿನಾ ಎತ್ತಿ ಎತ್ತಿ ನೋಡ್ತಿದ್ದೆ, ಗೆಣ್ಣಲ್ಲಿ ಬೇರು ಬಿಟ್ಟಿದ್ಯಾ ಅಂತ. ಇದನ್ನ ಒಂದಿನ ನೋಡ್ಲಿಲ್ವಾ?"

"ಅದು ಬಕೆಟ್ಟಲ್ಲಿ ಇತ್ತಲ್ಲ. ಬಕೆಟ್ಟಲ್ಲಿ ಇದ್ಮೇಲೆ ಅಲ್ಲೇ ಇರುತ್ತೆ ಅಂದ್ಕೊಂಡೆ."

"ಎಲ್ಲ ಬಿಟ್ಟು ಮರ! ಕೋಸಾಗಿದ್ರೆ ನಗ್ತಿದ್ರು. ಈರುಳ್ಳಿ ಆಗಿದ್ರೆ ಕಿತ್ತು ಬಾಯಿಗೆ ಹಾಕ್ಕೋತಿದ್ರು."

"ಸಂಘದಲ್ಲಿ ಕಡ್ಡಿ ಕೊಟ್ಟೋಳು ಸೊಪ್ಪಿನ ಗಿಡ ಅಂದ್ಲು. ಮರ ಅಂತ ಹೇಳ್ಲಿಲ್ಲ."

ಬೌರೊ ಎರಡು ತುತ್ತು ತಿಂದು ತಟ್ಟೆ ಸರಿಸಿದ. "ಕೊಯ್ದು ಹಾಕು. ಅಡಿಗೆ ಕತ್ತಿ ತೂರಿಸಿ ಕೊಯ್ದುಬಿಡು. ಎತ್ತೋಕೆ ಬಂದ್ರೆ ಸಾಕಲ್ಲ."

"ಸಂಜೆ ಒಳಗೆ ಬಾಡುತ್ತೆ. ಇದರ ಎಲೆ ನೋಡಿದೀಯಲ್ಲ, ಕೊಂಬೆ ಮುರಿದು ಅಡಿಗೆ ಮನೆಗೆ ತರೋದ್ರೊಳಗೆ ಜೋಲುತ್ತೆ. ರುಟಕ್ಕ ಬೆಳಿಗ್ಗೆ ಹಸಿರಾಗಿರೋದು ನೋಡಿ ಹೋಗಿದಾಳೆ."

"ಗಿಡಾನೇ ತೆಗೆದುಬಿಟ್ರೆ?"

"ಎಲ್ಲಿ ಹೋಯ್ತು ಅಂತ ಕೇಳಲ್ವಾ? ಗಲ್ಲಿ ಪೂರ್ತಿ ಅದರ ಸೊಪ್ಪು ತಿಂತಿದೆ."

ಅವನು ಮೊಣಕಾಲಿನ ಮೇಲೆ ಕೈಯಿಟ್ಟು ಕೊಲ್ಲಿಯ ಕಡೆ ನೋಡುತ್ತ ಕೂತ. ನೀರು ಇಳಿದು ಕೆಸರು ಬಿಸಿಲಿಗೆ ಹೊಳೆಯುತ್ತಿತ್ತು. ಕೊನೆಗೆ, ಅವಳು ಹೆದರಿದ್ದ ಮಾತನ್ನೇ ಆಡಿದ.

"ನಾನು ಕೇಳ್ತೀನಿ."

"ಏನು?"

"ಬಕೆಟ್ಟಿನಡಿ ನೆಲ. ಎಷ್ಟು ಆಗುತ್ತೆ, ಒಂದು ತಟ್ಟೆ ಅಗಲ. ಹಿರಿಯರ ಮುಂದೆ ಬುಬುಸಿ ಕೇಳಿದ್ರೆ ಮಾವ ಇಲ್ಲ ಅನ್ನಕ್ಕಾಗಲ್ಲ."

"ಕೊಡ್ತಾರೆ. ಕೊಟ್ಟ ಮೇಲೆ ನಾವೂ ಅಬೆಮಾಮದೋರೇ."

"ನಿನಗೆ ಆಸ್ಪತ್ರೆ ಬೇಕೋ, ಒಳ್ಳೆ ಹೆಸರು ಬೇಕೋ?"

"ಅವರ ಅಪ್ಪನ ಹತ್ರ ಹೀಗೇ ಕೇಳಿ ಕಿತ್ಕೊಂಡ್ರು. ನಾಳೆಯಿಂದ ಆ ಮನುಷ್ಯ ಎರಡೂ ಕಡೆ ಗೋಡೆ ನೋಡ್ಕೊಂಡು ಏಳಬೇಕಾ? ರುಟಕ್ಕನ ಮಗ ಸುಮ್ನೆ ಇರ್ತಾನಾ? ನೀನು ಬಂದರಿಗೆ ಹೋದಾಗ ನಾನು ಒಬ್ಳೇ ಇರೋಳು ಇಲ್ಲಿ."

"ಹಡಗಲ್ಲಿ ಹೋಗೋದಕ್ಕಿಂತ ವಾಸಿ."

ಅವನು ಗೋಡೆಗೊರಗಿ ಕಣ್ಣು ಮುಚ್ಚಿದ ಮೇಲೆ ಅವಳು ಕತ್ತಿ ತಗೊಂಡು ಹೊರಗೆ ಹೋದಳು. ಮರಳು ತೋಡಿ ಕತ್ತಿಯನ್ನು ಬಕೆಟ್ಟಿನಡಿ ತೂರಿಸಿದಳು. ಅಲಗು ಬೇರಿಗೆ ತಗುಲಿತು. ಒಂದು ಸಲ ಎಳೆದರೆ ಸಾಕು, ನುಗ್ಗೆಯ ಬೇರು ಮೂಲಂಗಿಯಷ್ಟೇ ಮೆತ್ತಗೆ. ಗಿಡದ ಕೆಳಗಿನ ನೆರಳು ಸಣ್ಣಗೆ ಅಲ್ಲಾಡುತ್ತಿತ್ತು. ಬೇರು ಇಳಿದದ್ದು ಗೊತ್ತಾದರೆ ದಡ್ಡಿ ಎನ್ನುತ್ತಾರೆ. ಕೊಯ್ದದ್ದು ಗೊತ್ತಾದರೆ ಕಳ್ಳಿ ಎನ್ನುತ್ತಾರೆ. ಅಬೆಮಾಮದವನಿಗೂ ಮೊದಲು ಯಾರೂ ಕಳ್ಳ ಎಂದಿರಲಿಲ್ಲ.

ಅವಳು ಕತ್ತಿ ಹೊರಗೆ ತೆಗೆದು, ಲಂಗಕ್ಕೆ ಒರೆಸಿ, ಅದರ ಜಾಗದಲ್ಲಿ ಇಟ್ಟಳು.

ಉರಿಯಾಮ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಹಿರಿಯರಲ್ಲಿ ಒಬ್ಬ ಸಿಯೋನೆ, ಹಲ್ಲಿಲ್ಲದ, ಬಾಯಿ ನಿಲ್ಲದ ಮುದುಕ. ಇನ್ನೊಬ್ಬ ಚಾವಡಿಯಲ್ಲೂ ಮಾತಾಡದವನು, ಇಲ್ಲೂ ಆಡಲಿಲ್ಲ. ಹಿಂದೆ ರುಟಾ ಬೀಸಣಿಗೆಯೊಂದಿಗೆ ಬಂದಳು. ಎರೆನಾ ಚಾಪೆ ಹಾಸಿದಳು, ಮಜ್ಜಿಗೆಹುಲ್ಲಿನ ಟೀಗೆ ಧಾರಾಳ ಸಕ್ಕರೆ ಹಾಕಿ ಕೊಟ್ಟಳು.

"ಶುರು ಮಾಡ್ರಪ್ಪ," ಎಂದ ಸಿಯೋನೆ. "ಎಲ್ಲ ಆದ್ಮೇಲೆ ನನ್ನನ್ನೂ ಎತ್ತಿ ನೋಡಿ. ಕೂತಲ್ಲೇ ಕೂತು ಬೇರು ಬಿಟ್ಟಿರ್ತೀನಿ."

ಯಾರೂ ನಗಲಿಲ್ಲ. ಬೌರೊ ಎದ್ದು ಬಿಸ್ಕತ್ತಿನ ಡಬ್ಬಗಳನ್ನು ಎತ್ತಿ ತಳ ತೋರಿಸಿದ. ಅಕ್ಕಿಚೀಲ ಎತ್ತಿದ. ಡ್ರಮ್ಮನ್ನು ಎದೆಗವಚಿ ಎತ್ತಿ ಇಳಿಸಿದ. ಫ್ರಿಜ್ಜಿನ ಒಂದು ತುದಿ ಎತ್ತಿ ಹಿಡಿದಾಗ ಉರಿಯಾಮ್ ಬಗ್ಗಿ ಕೋಲಿನಿಂದ ಅಡಿ ಕೆದಕಿ ನೋಡಿದ. ಏಡಿಯೊಂದು ಹೊರಗೆ ಓಡಿತು. ಎರೆನಾ ಕುಂಬಳ ಬಳ್ಳಿಯನ್ನು ಹಗ್ಗದ ಹಾಗೆ ಉದ್ದಕ್ಕೂ ಎತ್ತಿ ಹಿಡಿದಳು.

"ಇಲ್ಲಿ! ಇದೇನು?" ರುಟಾ ಒಂದು ಗೆಣ್ಣು ಹಿಡಿದಳು. ಅಲ್ಲಿ ದಾರದೆಳೆಯಂಥ ಬಿಳಿ ಬೇರುಗಳಿದ್ದವು.

ಉರಿಯಾಮ್ ಬೆರಳಿನಿಂದ ಉಜ್ಜಿದ. ಎಳೆಗಳು ಉದುರಿದವು. "ಇದಕ್ಕೆ ಮಣ್ಣು ಅಂಟಿಲ್ಲ. ಗಾಳೀಲಿ ಬಿಟ್ಟಿದೆ. ಮುಂದೆ ನಡಿ," ಎಂದ. ಅವನು ಮೋಸ ಹುಡುಕಲು ಬಂದಿರಲಿಲ್ಲ. ಅದರಿಂದಲೇ ಎರೆನಾಳಿಗೆ ಹೆಚ್ಚು ಹೆದರಿಕೆಯಾಯಿತು.

ಉಳಿದದ್ದು ನುಗ್ಗೆ.

ಬೌರೊ ಅಂಗೈಗೆ ಮರಳು ಉಜ್ಜಿಕೊಂಡು ಬಕೆಟ್ಟನ್ನು ಅಪ್ಪಿ ಹಿಡಿದ. ಎತ್ತಿದ. ಕತ್ತಿನ ನರ ಉಬ್ಬಿತು. ಬಕೆಟ್ ಕರ್ರೆಂದಿತು, ಬರಲಿಲ್ಲ. "ಕೈ ಜಾರ್ತಿದೆ," ಎಂದು ಅಂಗಿಗೆ ಕೈ ಒರೆಸಿಕೊಂಡು ಮತ್ತೆ ಹಿಡಿದ. ಬಂದರಿನಲ್ಲಿ ದಿನವಿಡೀ ಮೂಟೆ ಹೊರುವವನು. ಎಲ್ಲರಿಗೂ ಅದು ಗೊತ್ತಿತ್ತು. ಮೂರನೆಯ ಸಲ ಅವನು ಹಿಡಿಯಲಿಲ್ಲ. ರುಟಾಳ ಬೀಸಣಿಗೆ ನಿಂತಿತು.

ಬೌರೊ ನಿಧಾನಕ್ಕೆ ಬಂದು ಉರಿಯಾಮನೆದುರು ನೆಲದ ಮೇಲೆ ಕೂತ. ಕಾಲು ಮಡಿಸಿದ, ತಲೆ ತಗ್ಗಿಸಿದ. ಯಾರೂ ಹಾಗೆ ಸುಮ್ಮನೆ ಕೂರುವುದಿಲ್ಲ. ಸಿಯೋನೆಯ ಲೋಟ ಬಾಯಿಯ ಹತ್ತಿರವೇ ನಿಂತಿತು. ಉರಿಯಾಮನ ಕಣ್ಣು ಒಮ್ಮೆ ಅಂಗಡಿಯ ಗೋಡೆಗೆ ಹೋಗಿ ಬಂತು.

"ಮಾವ," ಎಂದ ಬೌರೊ, "ನಾನು—"

"ಬೇರು ಇಳಿದಿದೆ ಮಾವ," ಎಂದಳು ಎರೆನಾ.

ಧ್ವನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಬೌರೊ ತಿರುಗಿ ನೋಡಿದ.

"ಬಕೆಟ್ಟಿನ ತೂತಿಂದ ನೆಲಕ್ಕೆ ಇಳಿದಿದೆ. ಬೆಳಿಗ್ಗೆ ಗೊತ್ತಾಯ್ತು. ಕತ್ತಿ ಹಾಕಿದ್ದೆ, ಕೊಯ್ಲಿಲ್ಲ. ಬೇಕಾದ್ರೆ ನೋಡಿ, ಬೇರಿನ ಮೇಲೆ ಗೀರು ಇದೆ."

"ನಾನು ಹೇಳಿದ್ನಾ ಇಲ್ವಾ!" ಎಂದಳು ರುಟಾ. "ಒಣಗಿದ ಮಣ್ಣಿಗೆ ನೀರು ಹಾಕಿದೆ ಅಂದ್ಲು ಬೆಳಿಗ್ಗೆ. ನಾನು ಕೊಂಬೆ ಎಳೆದಾಗ್ಲೇ ಗೊತ್ತಾಯ್ತು ನಂಗೆ!"

"ಹೌದು, ಸುಳ್ಳು ಹೇಳಿದೆ," ಎಂದಳು ಎರೆನಾ. ಹೊಟ್ಟೆ ಹಿಡಿದುಕೊಂಡು ಬೌರೊನ ಪಕ್ಕ ಕೂತಳು. ಕೂರುವಷ್ಟರಲ್ಲಿ ಯೋಚನೆ ಒಂದು ರೂಪಕ್ಕೆ ಬಂತು. ಮಧ್ಯಾಹ್ನವಿಡೀ ಯಾರು ಯಾರನ್ನು ಕೇಳುತ್ತಾರೆ ಎಂದೇ ತಲೆ ಕೆಡಿಸಿಕೊಂಡಿದ್ದಳು. "ಮಾವ, ಬೌರೊ ಏನೋ ಕೇಳಕ್ಕೆ ಹೊರಟಿದ್ದ. ಅವನು ಕೇಳಲ್ಲ. ನೀವು ಕೇಳಿ."

"ನಾನಾ? ಏನು ಕೇಳ್ಲಿ?"

"ಈ ಗಿಡ ಕೇಳಿ. ನೀವು ಕೇಳಿದ್ರೆ ನಾವು ಇಲ್ಲ ಅನ್ನೋ ಹಾಗಿಲ್ಲ. ಆಮೇಲೆ ಗಿಡ ನಿಮ್ದು, ನೆಲ ನಿಮ್ದು. ಯಾವ ಕೋರ್ಟಲ್ಲಿ ಯಾರು ಏನಂತಾರೆ?"

ಸಿಯೋನೆ ಮುಂದಕ್ಕೆ ಬಾಗಿ ಕೂತ.

"ನನ್ನ ಅಪ್ಪ ಕೇಳೋದಾ?" ರುಟಾಳ ಧ್ವನಿ ಏರಿತು. "ಇವರ ಹತ್ರ? ತನ್ನ ನೆಲದ ಮೇಲೆ ನಿಂತ್ಕೊಂಡು, ಇರೋಕೆ ಜಾಗಾನೂ ತನ್ನಿಂದ ಇಸ್ಕೊಂಡೋರ ಹತ್ರ ಕೈ ಚಾಚೋದಾ? ಅಪ್ಪ, ಏಳಿ. ಹಡಗು ಯಾವತ್ತು ಅಂತ ಹೇಳಿಬಿಡಿ, ಮುಗೀತು."

ಉರಿಯಾಮ್ ಏಳಲಿಲ್ಲ. ಕೋಲಿನ ತುದಿಯಿಂದ ಮರಳಿನಲ್ಲಿ ಒಂದು ಗೆರೆ ಎಳೆದ, ಅದನ್ನು ಅಳಿಸಿದ. ಅವನು ಬದುಕಿನಲ್ಲಿ ಯಾರ ಬಳಿಯೂ ಬುಬುಸಿ ಕೇಳಿದವನಲ್ಲ ಎಂದು ಗಲ್ಲಿಯಲ್ಲಿ ಹೇಳುತ್ತಿದ್ದರು. ಬಲೆ ಹರಿದಾಗ ಹರಿದ ಬಲೆಯಲ್ಲೇ ಮೀನು ಹಿಡಿದಿದ್ದನಂತೆ. ಬೌರೊನ ಉಸಿರು ಎರೆನಾಳಿಗೆ ಕೇಳಿಸುತ್ತಿತ್ತು. ಅವನು ಇನ್ನೊಂದು ಕ್ಷಣ ಸುಮ್ಮನಿರಲಿ ಎಂದು ಅವಳು ಅವನ ಮಂಡಿಯನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದಳು. ಬೌರೊ ಬಾಯಿಬಿಟ್ಟರೆ ಮುಗಿಯಿತು. ಮುದುಕ ಎದ್ದರೂ ಮುಗಿಯಿತು.

ಮಾತಾಡದ ಹಿರಿಯ ಟೀ ಮುಗಿಸಿ ಲೋಟವನ್ನು ಚಾಪೆಯ ಮೇಲೆ ಇಟ್ಟ.

"ಎರೆನಾ," ಎಂದ ಉರಿಯಾಮ್. ಕೆಮ್ಮಿ ಮತ್ತೆ ಹೇಳಿದ. "ಈ ನುಗ್ಗೆ ಗಿಡ ನನಗೆ ಬೇಕು. ಕೇಳ್ತಿದೀನಿ."

"ತಗೊಳ್ಳಿ ಮಾವ."

"ನೀವಿಬ್ರೂ ಕೇಳಿಸ್ಕೊಂಡ್ರಾ?" ಎಂದು ಹಿರಿಯರ ಕಡೆ ತಿರುಗಿದ.

"ನನ್ನ ಕಿವಿ ಚೆನ್ನಾಗೇ ಇದೆ," ಎಂದ ಸಿಯೋನೆ. "ಹಲ್ಲು ಮಾತ್ರ ಹೋಗಿರೋದು."

ಉರಿಯಾಮ್ ಕತ್ತಿ ತರಿಸಿದ. ಎದ್ದು ಹೋಗಿ ಬಕೆಟ್ಟನ್ನು ಅಂಚಿನಿಂದ ತಳದವರೆಗೆ ಸೀಳಿದ. ಪ್ಲಾಸ್ಟಿಕ್ ಬಿಚ್ಚಿಕೊಂಡು ಕಪ್ಪು ಮಣ್ಣು ಕುಸಿಯಿತು. ಮಣ್ಣಿನ ಜೊತೆ ತುಕ್ಕು ಹಿಡಿದ ಮೀನಿನ ಡಬ್ಬಗಳು ಉರುಳಿಬಿದ್ದವು. ಗಿಡ ಅಲ್ಲೇ ನಿಂತಿತು. ಅವನು ಕಾಲಿನಿಂದ ಮಣ್ಣನ್ನು ಬುಡಕ್ಕೆ ಒತ್ತಿದ.

"ನನ್ನ ಮರ," ಎಂದ, ಯಾರಿಗೂ ಅಲ್ಲದ ಹಾಗೆ. ಆಮೇಲೆ ಎರೆನಾಳ ಮುಖ ನೋಡದೆ ಹೇಳಿದ: "ಉಳಿದದ್ದೆಲ್ಲ ಕಲ್ಲಿನ ಮೇಲೆ ಎತ್ತಿಡಿ. ನಾನು ನಿಂತಲ್ಲಿಂದ ತಳ ಕಾಣ್ಬೇಕು. ಹೆರಿಗೆ ಇಲ್ಲೇ ಆಗ್ಲಿ. ಮಗು ಕತ್ತು ನಿಲ್ಲಿಸಿದ ಮೇಲೆ ಜಾಗದ ಮಾತು ಆಡೋಣ. ಇವಳ ಮಗನಿಗೂ ಮನೆ ಬೇಕು."

"ಆಯ್ತು ಮಾವ," ಎಂದ ಬೌರೊ.

"ಇನ್ಯಾವತ್ತೂ ನನ್ನ ಕೈಲಿ ಕೇಳಿಸಬೇಡ," ಎಂದು ಉರಿಯಾಮ್ ಎರೆನಾಳಿಗೆ ಹೇಳಿ ಹೊರಟ. ಅಂಗಿಯ ಬೆನ್ನು ಬೆವರಿಗೆ ಒದ್ದೆಯಾಗಿ ಅಂಟಿಕೊಂಡಿತ್ತು.

ಅವರು ಹೋದ ಮೇಲೆ ಬೌರೊ ದಂಡೆಯಿಂದ ಹವಳದ ಕಲ್ಲು ಹೊತ್ತು ತಂದ. ಎರೆನಾ ಚೆಲ್ಲಿದ ತುಕ್ಕು ಡಬ್ಬಗಳನ್ನು ಒಂದೊಂದಾಗಿ ಆರಿಸಿ ಅಂಗಿಯ ಮಡಿಲಿಗೆ ಹಾಕಿಕೊಂಡಳು. ಮುದುಕ ಗಿಡ ಕೇಳಿದ್ದ. ಡಬ್ಬ ಕೇಳಿರಲಿಲ್ಲ.

ಮರುದಿನದಿಂದ ಅವಳು ನುಗ್ಗೆ ಸೊಪ್ಪಿಗೆ ರುಟಾಳ ಬಾಗಿಲಿಗೆ ಹೋಗಬೇಕಾಯಿತು. ತಾನು ನೆಟ್ಟ ಗಿಡ, ಮೂರು ಹೆಜ್ಜೆ ಆಚೆ. ಆದರೂ ಹೋಗಿ ನಿಂತು ಕೇಳುತ್ತಿದ್ದಳು. ರುಟಾ ಇಲ್ಲ ಎನ್ನುವಂತಿರಲಿಲ್ಲ. ಬೇಕೆಂದೇ ಕೆಳಗಿನ ಬಲಿತ ಎಲೆಗಳನ್ನು ಕಿತ್ತು, ಬೇರೆಲ್ಲೋ ನೋಡುತ್ತ ಕೊಡುತ್ತಿದ್ದಳು. ಎರೆನಾ ಅದನ್ನೇ ಬೇಯಿಸಿ ತಿನ್ನುತ್ತಿದ್ದಳು.

ಕೆಲವು ವಾರ ಕಳೆದವು. ದಿನ ತುಂಬಿದ ಎರೆನಾ ಬೆಳಿಗ್ಗೆ ಕಲ್ಲಿನ ಮೇಲಿದ್ದ ಡಬ್ಬಗಳ ತಳವನ್ನು ಬಗ್ಗಿ ನೋಡಲೂ ಆಗದೆ ಕಾಲಿನಿಂದಷ್ಟೇ ತಳ್ಳಿ ನೋಡುತ್ತಿದ್ದಳು. ರುಟಾ ಬಂದು ನುಗ್ಗೆಗಿಡದ ಹತ್ತಿರ ನಿಂತಳು. ತುದಿಯ ಎಳೆ ಎಲೆಗಳು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು.

"ಅಪ್ಪ ಬೈತಿದಾರೆ, ನನ್ನ ಮರ ನೋಡ್ಕೊಂಡಿಲ್ಲ ಅಂತ. ದಿನಾ ನೀರು ಹಾಕ್ತಿದೀನಿ, ಆದ್ರೂ ಹಳದಿ. ಏನಾಗಿದೆ ಇದಕ್ಕೆ?"

"ನನಗೆ ಆಗಿತ್ತಲ್ಲ, ಅದೇ," ಎಂದಳು ಎರೆನಾ. "ತುಕ್ಕು ಡಬ್ಬ ಹೂಳಬೇಕು ಬುಡಕ್ಕೆ."

"ಅಷ್ಟೇನಾ? ದಂಡೆ ಮೇಲೆ ಒಂದೂ ಉಳಿದಿಲ್ಲ. ಎಲ್ಲ ನೀನೇ ಆರಿಸಿಬಿಟ್ಟಿದೀಯ."

"ಹೌದು. ಒಳಗೆ ಒಂದು ಚೀಲ ಇದೆ."

ರುಟಾ ಕಾದ ಹಾಗೆ ನಿಂತಳು. ಎರೆನಾ ಸೊಂಟ ಹಿಡಿದುಕೊಂಡು ನಿಂತಲ್ಲೇ ನಿಂತಳು. ಬೀಸಣಿಗೆ ಬಹಳ ಹೊತ್ತು ಆಡಿತು.

"ಕೊಡೇ, ಹಾಗೆ ನೋಡ್ತೀಯಲ್ಲ," ಎಂದಳು ರುಟಾ.

"ಕೇಳು ಅಕ್ಕ. ಕೊಡ್ತೀನಿ."

ಬೀಸಣಿಗೆ ನಿಂತಿತು. ರುಟಾ ತನ್ನ ಮನೆಯ ಕಡೆ ಒಮ್ಮೆ ನೋಡಿದಳು. ಅಲ್ಲಿ ಯಾರೂ ಹೊರಗಿರಲಿಲ್ಲ. ಆಮೇಲೆ ಕೇಳಿದಳು.